ಅಂಗಮಾರಿ ಮತ್ತು ಕಜ್ಜಿ: ಮರಗಳ ರೋಗದಲ್ಲಿ ದುಂಡಾಣು ವಂಶವಾಹಿಗಳ ಪಾತ್ರ

ನವೀ ಮುಂಬಯಿಯ ತುರ್ಭೆಯ ಸಗಟು ಮಾರುಕಟ್ಟೆಗೆ ಬರುವ ದಾಳಿಂಬೆಯಲ್ಲಿ ಗಡಿಜಿಲ್ಲೆಯಾದ ಸೊಲ್ಲಾಪುರದ ಪಾಲು ಗಣನೀಯವಾದುದು. ಅಲ್ಲಿ ಕಪ್ಪು ಕಲೆ ಬಿದ್ದು ಸಿಪ್ಪೆ ಸೀಳಿದ ಹಣ್ಣನ್ನು ಬೇರೆಯಾಗಿ ಇಡುತ್ತಾರೆ. ಅದರ ಬೆಲೆ ಕುಸಿಯುತ್ತದೆ. ತಿನ್ನುವವರಿಗೆ ಈ ರೋಗ ತಗಲದು. ಪೆಟ್ಟು ಬೀಳುವುದು ಬೆಳೆಗಾರನಿಗೆ. ಈ ರೋಗವನ್ನು ಕನ್ನಡದಲ್ಲಿ ದುಂಡಾಣು ಅಂಗಮಾರಿ ಎನ್ನುತ್ತಾರೆ. ಎಲೆಯ ಮೇಲೆ ಮೊದಲು ಎಣ್ಣೆ ಸವರಿದಂತಹ ಚುಕ್ಕೆ ಕಾಣಿಸಿಕೊಳ್ಳುವುದರಿಂದ ಮರಾಠಿಯಲ್ಲಿ ಇದು ‘ತೇಲ್ಯಾ’. ಸೊಲ್ಲಾಪುರದ ನೆರೆಯ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ ಹೆಸರಾದ ಊರು. ನಿಂಬೆಯ ಎಲೆ, ರೆಂಬೆ, ಕಾಯಿಗಳ ಮೇಲೆ ಒರಟು ಗಂಟುಗಳನ್ನೆಬ್ಬಿಸುವ ರೋಗಕ್ಕೆ ಕಜ್ಜಿ ಎಂದು ಹೆಸರು.

ಈ ಹೆಸರುಗಳೆಲ್ಲ ಕಣ್ಣಿಗೆ ಕಾಣುವ ಲಕ್ಷಣವನ್ನು ಹಿಡಿದು ಹುಟ್ಟಿದವು. ಕಾರಣವನ್ನು ಅರಸಿದರೆ ಚಿತ್ರ ಬೇರೆಯಾಗುತ್ತದೆ. ಇಂದಿನ ವರ್ಗೀಕರಣದಂತೆ ಎರಡೂ ರೋಗಗಳನ್ನು ತರುವುದು ಕ್ಸಾಂಥೊಮೊನಾಸ್ ಸಿಟ್ರಿ ಎಂಬ ಒಂದೇ ಪ್ರಭೇದದ ಎರಡು ಬಗೆಗಳು. ಒಂದೇ ಕುಲದ ದುಂಡಾಣು ಒಂದು ಮರದಲ್ಲಿ ಅಂಗಮಾರಿಯನ್ನೂ ಇನ್ನೊಂದರಲ್ಲಿ ಕಜ್ಜಿಯನ್ನೂ ಉಂಟುಮಾಡುವುದು ಹೇಗೆಂಬುದನ್ನು ನಾವಿಲ್ಲಿ ವಿವೇಚಿಸಲು ಬಯಸುತ್ತೇವೆ.

ದುಂಡಾಣು ಪತ್ರರಂಧ್ರಗಳ ಮೂಲಕ ಅಥವಾ ಗಾಯಗಳ ಮೂಲಕ ಒಳಹೊಗುತ್ತದೆ. ಅಷ್ಟರಿಂದಲೇ ರೋಗವಾಗದು, ಮರವೂ ಅದನ್ನು ಗುರುತಿಸಿ ತನ್ನ ಕೋಶಭಿತ್ತಿಯನ್ನು ಬಲಪಡಿಸಿಕೊಳ್ಳುತ್ತದೆ. ಈ ರಕ್ಷಣೆಯನ್ನು ಮುರಿಯಲು ದುಂಡಾಣುವಿನ ‘ಎಚ್‌ಆರ್‌ಪಿ’ ಎಂಬ ವಂಶವಾಹಿಗಳ ಗುಂಪು ಸೂಜಿಯಂತಹ ಒಂದು ರಚನೆಯನ್ನು ಕಟ್ಟುತ್ತದೆ. ಬೇರೆ ಕೆಲವು ವಂಶವಾಹಿಗಳು ರೂಪಿಸಿದ ಪ್ರೋಟೀನುಗಳು ಈ ಸೂಜಿಯ ಮೂಲಕ ಮರದ ಜೀವಕೋಶದೊಳಕ್ಕೆ ಸೇರುತ್ತವೆ.

ದಾಳಿಂಬೆಯಲ್ಲಿ ಇಂತಹ ಪ್ರೋಟೀನಿನ ಕೆಲಸ ಮರದ ಬಾಯಿ ಮುಚ್ಚಿಸುವುದು. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ‘ಕ್ಸಾಪ್-ಎನ್’ ಎಂಬ ವಂಶವಾಹಿಯನ್ನು ಕುರಿತದ್ದು. ಅದನ್ನು ಕಳೆದುಕೊಂಡ ದುಂಡಾಣು ಎಲೆಯೊಳಗೆ ಮೊದಲಿನಂತೆ ಬೆಳೆಯಲಾರದು. ಮರದ ಕೋಶಭಿತ್ತಿಯ ರಕ್ಷಣೆ ಮತ್ತೆ ಚುರುಕಾಗುತ್ತದೆ.

ನಿಂಬೆಯ ಜಾತಿಯಲ್ಲಿ ಇನ್ನೊಂದು ತಂತ್ರ ಎದ್ದುಕಾಣುತ್ತದೆ. ‘ಪಿಟಿಎಚ್-ಎ’ ಎಂಬ ವಂಶವಾಹಿಯ ಪ್ರೋಟೀನು ಮರದ ಜೀವಕೋಶದ ಕೇಂದ್ರವನ್ನೇ ಹೊಕ್ಕು, ಮರದ್ದೇ ಆದ ‘ಸಿಎಸ್‌ಎಲ್‌ಒಬಿ-1’ ವಂಶವಾಹಿಯನ್ನು ಎಚ್ಚರಿಸುತ್ತದೆ. ಆಗ ಜೀವಕೋಶಗಳು ಹಿಗ್ಗಿ ಕಜ್ಜಿಯ ಗಂಟು ಏಳುತ್ತದೆ. ಎಂದರೆ, ಗಂಟನ್ನು ಕಟ್ಟುವುದು ಮರವೇ. ಆಜ್ಞೆ ಮಾತ್ರ ದುಂಡಾಣುವಿನದು.

ಈ ತಿಳಿವಳಿಕೆ ಕೇವಲ ಪ್ರಯೋಗಶಾಲೆಯ ವಿಷಯವಲ್ಲ. ಅಂಗಮಾರಿ ದೆಹಲಿಯಲ್ಲಿ ಮೊದಲು ಕಂಡುಬಂದದ್ದು 1952ರಲ್ಲಿ. ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪಿತವಾದದ್ದು 2005ರಲ್ಲಿ. ರೋಗದ ರೆಂಬೆಗಳನ್ನು ಸವರಿ ಸುಡುವುದು, ತಾಮ್ರಯುಕ್ತ ಔಷಧಿಯನ್ನು ಸಿಂಪಡಿಸುವುದು ಇಂದಿಗೂ ಅಗತ್ಯ. ಆದರೆ ಒಂದೇ ಔಷಧಿಯನ್ನು ಪದೇ ಪದೇ ಬಳಸಿದರೆ ಅದಕ್ಕೆ ಜಗ್ಗದ ದುಂಡಾಣುಗಳೇ ಉಳಿದು ಹೆಚ್ಚುವ ಅಪಾಯವಿದೆ. 2017ರಲ್ಲಿ ನಿಂಬೆಯ ಜಾತಿಯ ಗಿಡಗಳಲ್ಲಿ, ದುಂಡಾಣು ಎಚ್ಚರಿಸುವ ಆ ವಂಶವಾಹಿಯನ್ನೇ ತಿದ್ದಿ ಕಜ್ಜಿಯನ್ನು ತಡೆಯಬಹುದೆಂದು ಸಂಶೋಧಕರು ತೋರಿಸಿಕೊಟ್ಟರು. ರೋಗಾಣುವಿನ ಆಜ್ಞೆ ಮರದಲ್ಲಿ ಎಲ್ಲಿಗೆ ತಲುಪುತ್ತದೆಂಬುದು ತಿಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಅಂಗಮಾರಿ, ಕಜ್ಜಿ, ತೇಲ್ಯಾ ಎಂಬ ಹೆಸರುಗಳನ್ನು ನಾವು ಕೈಬಿಡಬೇಕಾಗಿಲ್ಲ. ತೋಟದಲ್ಲಿ ರೋಗವನ್ನು ಬೇಗ ಗುರುತಿಸಲು ಅವೇ ನೆರವಾಗುತ್ತವೆ. ಆದರೆ ಪರಿಹಾರವನ್ನು ಅರಸುವವರು ಕಲೆಯ ಹಿಂದಿರುವ ವಂಶವಾಹಿಯನ್ನೂ ಅರಿಯಬೇಕಾಗುತ್ತದೆ.