ಹಳೆಯ ಗೋಡೆಗೆ ಸಿಮೆಂಟ್ ಬಳಿದರೆ ಗಟ್ಟಿಯಾಗುತ್ತದೆಯೇ? ಬ್ರೂವರಿ ಗೋಡೆ ಹೇಳುವುದೇನು?

“ಬ್ರಿಟಿಷರ ಕಾಲದ ಕಟ್ಟಡಗಳ ಗಾರೆಗೆ ಬೆಲ್ಲ, ಮೊಟ್ಟೆ ಹಾಕುತ್ತಿದ್ದರು, ಅದಕ್ಕೇ ಅಷ್ಟು ಗಟ್ಟಿ” ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ತಮಾಷೆ ಎಂದರೆ, ಅದನ್ನು ಹಂಚುವವರೇ ಮನೆಯ ಹಳೆ ಗೋಡೆ ಉದುರತೊಡಗಿದರೆ ಗೌಂಡಿಯನ್ನು ಕರೆದು ಸಿಮೆಂಟ್ ಬಳಿಸುತ್ತಾರೆ.

ಬೆಲ್ಲ, ಅಳಲೆಕಾಯಿ ಬೆರೆಸುತ್ತಿದ್ದುದು ನಿಜ. ಆದರೆ ಕಲ್ಲು, ಇಟ್ಟಿಗೆಗಳನ್ನು ಹಿಡಿದಿಟ್ಟಿದ್ದು ಸುಣ್ಣ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದರ ತುಂಬ ಸಣ್ಣ ರಂಧ್ರಗಳು. ನೆಲದಿಂದ ಏರಿದ ತೇವ ಅವುಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಹಳೆ ಬ್ರೂವರಿಗಳು. ಬಿಯರ್‌ಗಾಗಿ ಬಾರ್ಲಿ ನೆನೆಸಿ ಮೊಳಕೆ ಬರಿಸಬೇಕು, ರಸ ಕುದಿಸಬೇಕು, ತಂಪಿನಲ್ಲಿ ಹುದುಗಿಸಬೇಕು. ದಿನವಿಡೀ ನೀರು, ಹಬೆ. ಫ್ರಿಜ್ ಇಲ್ಲದ ಕಾಲದಲ್ಲಿ ತಂಪಿಗೆ ದಪ್ಪ ಗೋಡೆ, ನೆಲಮಾಳಿಗೆಗಳೇ ಆಸರೆ. ಅಂಥ ಗೋಡೆಗೆ ಒಣಗಲು ದಾರಿ ಬೇಕೇ ಬೇಕು. ಲಂಡನ್ನಿನ ಟ್ರೂಮನ್ ಬ್ರೂವರಿಯ ಕಟ್ಟಡಗಳಲ್ಲಿ ಈಗ ಅಂಗಡಿ, ಸಂತೆಗಳು ನಡೆಯುತ್ತವೆ. ನಮ್ಮಲ್ಲಿ 1915ರಲ್ಲಿ ಥಾಮಸ್ ಲೀಶ್‌ಮನ್ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಬೆಂಗಳೂರಿನಲ್ಲಿ ಅದರ ಹಳೆ ಬ್ರೂವರಿ ಇದ್ದ ಜಾಗದಲ್ಲೀಗ ಯುಬಿ ಸಿಟಿಯ ಗೋಪುರಗಳಿವೆ. ಒಂದು ಗೋಡೆಯನ್ನಾದರೂ ಉಳಿಸಬಹುದಿತ್ತು ಅನಿಸುತ್ತದೆ.

ನಮ್ಮ ಭಾಗದಲ್ಲಿ ಬ್ರೂವರಿಗಿಂತ ಗಿರಣಿ, ವಾಡೆಗಳೇ ಪರಿಚಿತ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1880ರ ದಶಕದ್ದು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆ ಮನೆಗಳಲ್ಲಿ ಕಲ್ಲು, ಮಣ್ಣು, ಗಚ್ಚಿನ ಗೋಡೆಗಳು ಇನ್ನೂ ಇವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಇಂಥ ಎಷ್ಟೋ ಗೋಡೆಗಳು ನೀರು ಕುಡಿದವು.

ನೀರು ಕುಡಿದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರಿನೊಡನೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪುಡಿಮಾಡುತ್ತದೆ. ಮೇಲೆ ನುಣುಪು, ಒಳಗೆ ಪೊಳ್ಳು. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಕೇಳಿದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ ಎಂದರ್ಥ. ಸಂರಕ್ಷಣಾ ತಜ್ಞರು ಪಾಲಿಸುವ ಸೂತ್ರ ಸರಳ: ಗಾರೆ ಕಲ್ಲಿಗಿಂತ ಮೆದುವಾಗಿರಬೇಕು. ಆಗ ಸವೆಯುವುದು ಗಾರೆ. ಅದನ್ನು ಮತ್ತೆ ಹಾಕಬಹುದು, ಕಲ್ಲನ್ನು ಹಾಗೆ ಬೆಳೆಸಲಾಗದು.

ಹೊಸ ಕಾಂಕ್ರೀಟ್ ಮನೆಗೆ ಸಿಮೆಂಟ್ ಪ್ಲಾಸ್ಟರ್ ಸರಿಯೇ. ಹಳೆ ಗೋಡೆಯಾದರೆ ಮೊದಲು ಸೋರುವ ಪೈಪು, ಚರಂಡಿ, ಗೋಡೆಗೆ ತಾಗಿ ನಿಲ್ಲುವ ಮಳೆನೀರು ಸರಿಪಡಿಸಿ. ಗೋಡೆ ಚೆನ್ನಾಗಿ ಒಣಗುವವರೆಗೆ ಕಾಯಿರಿ, ಆಮೇಲೆ ಸುಣ್ಣದ ಗಾರೆ ಬಳಸಿ. ಗೋಡೆ ಉಬ್ಬಿದ್ದರೆ, ಬಿರುಕು ಅಗಲವಾಗುತ್ತಿದ್ದರೆ ಪ್ಲಾಸ್ಟರಿನ ಮಾತು ಬಿಟ್ಟು ಎಂಜಿನಿಯರ್‌ಗೆ ತೋರಿಸಿ, ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ.