ಪ್ಲೈವುಡ್ ತೆಗೆದು ಗಾಜು ಹಾಕಿಸಿದ ಕಥೆ

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಇದ್ದವರಿಗೆ ಆ ಸಂಜೆ ನೆನಪಿರಬಹುದು. ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು, 1891ರಿಂದ ಉಳಿದುಕೊಂಡಿದ್ದ ಜೂನ್ ತಿಂಗಳ ದಾಖಲೆ ಮುರಿದಿತ್ತು. ಗಾಳಿಗೆ ನಗರದ ತುಂಬ ನೂರಾರು ಮರಗಳು ಉರುಳಿದ್ದವು. ನನಗೆ ಆ ದಿನ ಅಂದರೆ ಒಂದು ಸದ್ದು, ಅಷ್ಟೆ. ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಮಹಡಿ ಮೇಲೆ ಒಂದು ಶೀಟ್ ರೂಮ್ ಇದೆ. ನಾನು, ಅಜ್ಜಿ ಮಲಗುವುದು ಅಲ್ಲಿ. ಪಕ್ಕದ ವರ್ಕ್‌ಶಾಪಿನ ಚಾವಣಿಯಿಂದ ಕಿತ್ತುಬಂದ ತಗಡಿನ ತುಂಡೊಂದು ನಮ್ಮ ಕಿಟಕಿಗೆ ಬಡಿಯಿತು. ಗಾಜು ಕತ್ತಿಯಂಥ ಚೂರುಗಳಾಗಿ ಅಜ್ಜಿಯ ಮಂಚದ ಮೇಲೆ ಸುರಿಯಿತು. ಮುಂಗೈಗೆ ಏಳು ಹೊಲಿಗೆ.

ಆದರೆ ಅಪ್ಪನಿಗೆ ಹೆಚ್ಚು ತಲೆಬಿಸಿ ಮಾಡಿದ್ದು ಆಮೇಲಿನ ಎರಡು ನಿಮಿಷ. ಗಾಜು ಹೋದದ್ದೇ ತಡ, ತಲೆಯ ಮೇಲಿನ ಎರಡು ಶೀಟುಗಳು ಯಾರೋ ಒಳಗಿನಿಂದ ಭುಜ ಕೊಟ್ಟು ಎತ್ತಿದ ಹಾಗೆ ಪಟಪಟ ಎಂದು ಮೇಲೇಳತೊಡಗಿದವು. "ಕಿಟಕಿ ಒಡೆದ್ರೆ ಮನೆ ಮೇಲ್ಗಡೆ ಯಾಕೆ ಹಾರುತ್ತೆ?" ಅಂತ ಅಪ್ಪ ಕೇಳಿದ್ದರು. ಆಗ ನಾನು ಮೊದಲ ವರ್ಷದ ಬಿಇ. ಉತ್ತರ ಗೊತ್ತಿರಲಿಲ್ಲ. ಸಿವಿಲ್ ಓದ್ತೀನಿ ಅಂತ ಹೇಳಿಕೊಳ್ಳುವುದಕ್ಕೇ ಆ ದಿನ ನಾಚಿಕೆಯಾಯಿತು.

ದುಡ್ಡಿರಲಿಲ್ಲ. ಆ ಕಿಟಕಿಗೆ ಪ್ಲೈವುಡ್ ಹೊಡೆದು ಸುಮ್ಮನಾದೆವು. ವರ್ಷಕ್ಕೂ ಹೆಚ್ಚು ಕಾಲ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಓದಿದೆ. ಅಜ್ಜಿಯಂತೂ ಮೋಡ ಕಟ್ಟಿದರೆ ಸಾಕು, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ಇಳಿದು ಅಡುಗೆಮನೆಯಲ್ಲಿ ಮಲಗುತ್ತಿದ್ದರು. ಈ ವರ್ಷ ಅಪ್ಪನಿಗೆ ಚೀಟಿ ಎತ್ತಿದ ದುಡ್ಡು ಬಂತು. ಮೊದಲ ಕೆಲಸ ಕಿಟಕಿ ಎಂದು ತೀರ್ಮಾನವಾಯಿತು.

ನಮ್ಮ ಏರಿಯಾದಲ್ಲಿ ಕಿಟಕಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಲೇತ್, ಪೌಡರ್ ಕೋಟಿಂಗ್, ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಗಳ ಸಾಲೇ ಇದೆ. ಅಪ್ಪ ಕೂಡ ಒಂದು ಪೌಡರ್ ಕೋಟಿಂಗ್ ಯೂನಿಟ್ಟಿನಲ್ಲೇ ಕೆಲಸ ಮಾಡುವುದು. ಅವರ ಹಳೇ ಸ್ನೇಹಿತರೊಬ್ಬರು ಫ್ಯಾಬ್ರಿಕೇಷನ್ ಅಂಗಡಿ ಇಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗಿನಿಂದ ಅವರು ಅಂಕಲ್. ಅಂಗಡಿಗೆ ಹೋದಾಗ ಒಂದು ಬಣ್ಣದ ಕ್ಯಾಟಲಾಗ್ ತೋರಿಸಿದರು. ತೆಂಗಿನ ಮರ ಬಾಗಿ ನೆಲ ಮುಟ್ಟುತ್ತಿರುವ ಚಿತ್ರ, ಅದರ ಕೆಳಗೆ 'ಹರಿಕೇನ್ ಪ್ರೂಫ್'. "ಇದೇ ಹಾಕೋಣ ಪುಟ್ಟಿ, ಟಫನ್ ಗ್ಲಾಸು, ಸುತ್ತಿಗೆ ತಗೊಂಡು ಹೊಡೆದ್ರೂ ಒಡೆಯಲ್ಲ" ಅಂದರು. ನಾನೂ ತಲೆಯಾಡಿಸಿದೆ. ಟಫನ್ಡ್ ಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ ಎಂದು ಓದಿದ್ದೆ. ಅಪ್ಪನ ಮುಂದೆ ಅದನ್ನೇ ಜೋರಾಗಿ ಹೇಳಿ ಅಡ್ವಾನ್ಸ್ ಕೊಡಿಸಿಯೂ ಬಿಟ್ಟೆ. ಇದರಲ್ಲಿ ನನ್ನ ತಪ್ಪು ಎರಡು.

ಮೊದಲನೆಯದು, ಆ ಗಾಜು ಟಫನ್ಡ್ ಆಗಿರಲೇ ಇಲ್ಲ.

ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡಿ, ಎರಡೂ ಬದಿಯಿಂದ ಗಾಳಿ ಊದಿ ದಿಢೀರ್ ತಣ್ಣಗಾಗಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಆ ಬಿಗಿತವೇ ಅದರ ಶಕ್ತಿ. ಗಾಳಿ ಊದಿದ ಗುರುತು ಗಾಜಿನಲ್ಲಿ ಉಳಿಯುತ್ತದೆ, ಬರಿಗಣ್ಣಿಗೆ ಕಾಣುವುದು ಅಪರೂಪ. ಇದನ್ನು ನೋಡಲು ಲ್ಯಾಬ್ ಬೇಕಿಲ್ಲ. ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಅದರ ಮುಂದೆ ಗಾಜು ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ತಲೆಯನ್ನು ನಿಧಾನವಾಗಿ ಓರೆ ಮಾಡುತ್ತಾ ನೋಡಿ. ಟಫನ್ಡ್ ಗಾಜಾದರೆ ಮಸುಕು ಚುಕ್ಕೆಗಳೋ ಪಟ್ಟೆಗಳೋ ಕಾಣುತ್ತವೆ. ಸಾದಾ ಗಾಜಾದರೆ ಏನೂ ಇಲ್ಲ. (ಕಾರಿನ ಹಿಂದಿನ ಗಾಜಿನಲ್ಲಿ ಒಮ್ಮೊಮ್ಮೆ ಕಾಣುವ ಚುಕ್ಕೆ ಚುಕ್ಕೆ ವಿನ್ಯಾಸವೂ ಇದೇ. ನಾನು ಅದನ್ನು ಸ್ಟಿಕ್ಕರ್ ಅಂದುಕೊಂಡಿದ್ದೆ!)

ತಮ್ಮನ ಕೂಲಿಂಗ್ ಗ್ಲಾಸ್ ಕಿತ್ತುಕೊಂಡು, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗರು ಸಿನಿಮಾ ಶೂಟಿಂಗಾ ಅಂತ ನಕ್ಕರು. ನಮಗೆಂದು ಬಂದಿದ್ದ ಗಾಜಿನಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಮೂಲೆಯಲ್ಲಿ ಒಂದು ಸ್ಟಿಕ್ಕರ್ ಮಾತ್ರ ಇತ್ತು, ಐಎಸ್‌ಐ ಗುರುತು ಮತ್ತು ಒಂದು ನಂಬರ್. ಕಟ್ಟಡಗಳಿಗೆ ಬಳಸುವ ಸುರಕ್ಷತಾ ಗಾಜಿಗೆ ನಮ್ಮಲ್ಲಿ ಐಎಸ್ 2553 ಎಂಬ ಮಾನದಂಡ ಇದೆ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. 'ಬಿಐಎಸ್ ಕೇರ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಲೈಸೆನ್ಸ್ ಎಂದು ಬರಬೇಕು. ನಮ್ಮ ಸ್ಟಿಕ್ಕರಿನ ನಂಬರಿಗೆ ಏನೂ ಬರಲಿಲ್ಲ. ಮೂರು ಸಲ ಟೈಪ್ ಮಾಡಿದೆ.

ಆಗಲೇ ಕಷ್ಟ ಶುರುವಾಗಿದ್ದು. ಅಂಕಲ್‌ಗೆ ಇದನ್ನು ಹೇಳುವುದು ಹೇಗೆ? ಅಪ್ಪನಿಗೆ ಕೆಲಸ ಇಲ್ಲದ ಲಾಕ್‌ಡೌನ್ ದಿನಗಳಲ್ಲಿ ನನ್ನ ಸ್ಕೂಲ್ ಫೀಸಿಗೆ ಅವರು ದುಡ್ಡು ಕೊಟ್ಟಿದ್ದರು. ಮನೆಯಲ್ಲಿ ಹೇಳಿದಾಗ ಅಪ್ಪ ಮುಖ ಗಂಟು ಹಾಕಿಕೊಂಡು, "ಅವನು ನನಗೆ ಮೋಸ ಮಾಡ್ತಾನಾ? ನಾಲ್ಕು ಅಕ್ಷರ ಕಲಿತುಬಿಟ್ರೆ ಎಲ್ಲರೂ ಕಳ್ಳರ ಥರ ಕಾಣ್ತಾರೆ ನಿಂಗೆ" ಅಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಜ್ಜಿ ಮಾತ್ರ ತಟ್ಟೆ ತಂದಿಟ್ಟು, ಹೊಲಿಗೆ ಬಿದ್ದಿದ್ದ ಕೈಯನ್ನೇ ಸವರಿಕೊಳ್ಳುತ್ತಾ ಕೂತಿದ್ದರು. ಏನೂ ಹೇಳಲಿಲ್ಲ.

ಮಾರನೇ ದಿನ ಅಪ್ಪನೇ ನನ್ನನ್ನು ಕರೆದುಕೊಂಡು ಹೋದರು. ಅಂಕಲ್ ಕೈಗೆ ಕೂಲಿಂಗ್ ಗ್ಲಾಸ್ ಕೊಟ್ಟು, ಮೊದಲು ಪಕ್ಕದಲ್ಲಿ ನಿಲ್ಲಿಸಿದ್ದ ಕಾರಿನ ಕಿಟಕಿ ಗಾಜನ್ನು ಪರದೆಯ ಬೆಳಕಿನಲ್ಲಿ ತೋರಿಸಿದೆ. ಆಮೇಲೆ ನಮ್ಮ ಗಾಜು. ಅವರು ತುಂಬ ಹೊತ್ತು ನೋಡಿದರು. ನಂತರ ಸಪ್ಲೈಯರ್‌ಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ಉತ್ತರ ಸ್ಪೀಕರ್‌ನಲ್ಲಿ ನಮಗೂ ಕೇಳಿಸಿತು: "ಯಾರೂ ಕೇಳೋದೇ ಇಲ್ವಲ್ಲ ಸಾರ್." ಅಂಕಲ್‌ಗೂ ಗೊತ್ತಿರಲಿಲ್ಲ. ಅವರು ಇಷ್ಟು ದಿನ ಟಫನ್ ಎಂದು ದುಡ್ಡು ಕೊಟ್ಟು ಸಾದಾ ಗಾಜು ತರಿಸುತ್ತಿದ್ದರು. ಆ ಕ್ಷಣ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಇನ್ನು ನನ್ನ ಎರಡನೇ ತಪ್ಪು. ಅಸಲಿ ಟಫನ್ಡ್ ತರಿಸಿ ಎಂದು ಹೇಳಿ, ಗೆದ್ದವಳ ಹಾಗೆ ಕಾಲೇಜಿಗೆ ಹೋಗಿ ನಮ್ಮ ಸ್ಟ್ರಕ್ಚರ್ ಮೇಡಂಗೆ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಗಾಜು ಒಡೆದ ಮೇಲೆ ನಿಮ್ಮ ಕಿಟಕಿ ಅಲ್ಲಿ ಇರುತ್ತೋ, ಇರಲ್ವೋ?"

ಬಸ್ಸಿನಲ್ಲಿ ವಾಪಸ್ ಬರುವಾಗ ಅದಕ್ಕೆ ಉತ್ತರ ಸಿಕ್ಕಿತು. ಬಸ್ಸಿನ ಮುಂದಿನ ಗಾಜಿಗೆ ಕಲ್ಲು ಬಿದ್ದರೆ ಜೇಡರಬಲೆಯ ಹಾಗೆ ಬಿರುಕು ಬಿಡುತ್ತದೆ, ಆದರೆ ಬೀಳುವುದಿಲ್ಲ. ಕಾರಿನ ಪಕ್ಕದ ಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ರಸ್ತೆಗೆ ಸುರಿಯುತ್ತದೆ. ಎರಡನೆಯದು ಟಫನ್ಡ್. ಚೂರು ಚುಚ್ಚುವುದಿಲ್ಲ ನಿಜ, ಆದರೆ ಕಿಟಕಿಯ ಜಾಗದಲ್ಲಿ ಬರಿ ತೂತು ಉಳಿಯುತ್ತದೆ. ಮೊದಲನೆಯದು ಲ್ಯಾಮಿನೇಟೆಡ್. ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು, ಬಿಸಿ ಮತ್ತು ಒತ್ತಡದಲ್ಲಿ ಬೆಸೆದಿರುತ್ತಾರೆ. ಗಾಜು ಒಡೆದರೂ ಪದರ ಹಿಡಿದುಕೊಳ್ಳುತ್ತದೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬಾತನ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಜಾರಿ ಬಿತ್ತಂತೆ. ಒಡೆದರೂ ಚೂರಾಗಲಿಲ್ಲ, ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟ್ ಪದರ ಅಂಟಿತ್ತು. ಲ್ಯಾಮಿನೇಟೆಡ್ ಗಾಜು ಹುಟ್ಟಿದ್ದು ಹೀಗೆ.

ಎರಡು ವರ್ಷದ ಹಿಂದಿನ ಅಪ್ಪನ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. ಕಿಟಕಿ ಮುಚ್ಚಿರುವಾಗ ಗಾಳಿ ಮನೆಯನ್ನು ಬಳಸಿಕೊಂಡು ಹೋಗುತ್ತದೆ. ಗಾಳಿಗೆ ಎದುರಿನ ಕಿಟಕಿ ಒಡೆದರೆ ಗಾಳಿ ಒಳಗೆ ತುಂಬಿ ಚಾವಣಿಯನ್ನು ಕೆಳಗಿನಿಂದ ಒತ್ತುತ್ತದೆ, ಹೊರಗೆ ಅದೇ ಹೊತ್ತಿಗೆ ಚಾವಣಿಯ ಮೇಲೆ ಎಳೆತ ಇರುತ್ತದೆ. ನಮ್ಮ ಗಾಳಿಭಾರದ ಸಂಹಿತೆ ಐಎಸ್ 875ರ ಮೂರನೇ ಭಾಗದಲ್ಲಿ, ಹೆಚ್ಚು ತೆರಪಿಲ್ಲದ ಮನೆಗೆ ಒಳಒತ್ತಡದ ಗುಣಾಂಕ 0.2, ಗೋಡೆಯ ಶೇ 20ಕ್ಕಿಂತ ದೊಡ್ಡ ತೆರಪು ಇದ್ದರೆ 0.7. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಎರಡು ಅಂಕಿಗಳ ನಡುವೆಯೇ ನಮ್ಮ ಶೀಟುಗಳು ಪಟಪಟ ಅಂದಿದ್ದು.

ಅದೇ ಸಂಹಿತೆಯ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39, ಚೆನ್ನೈಗೆ 50. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ನಮ್ಮದು ನಾಲ್ಕಡಿ-ನಾಲ್ಕಡಿ ಕಿಟಕಿ. ಲೆಕ್ಕ ಹಾಕಿದರೆ ಸುಮಾರು ನೂರು ಕಿಲೋ, ಅಂದರೆ ಎರಡು ಸಿಮೆಂಟ್ ಮೂಟೆ ಗಾಜಿಗೆ ಒರಗಿ ನಿಂತಷ್ಟು. ಚೆನ್ನೈಯಲ್ಲಿ ಅದೇ ಕಿಟಕಿಗೆ 225 ಕಿಲೋ ದಾಟುತ್ತದೆ. ಒತ್ತೊತ್ತಾಗಿ ಮನೆಗಳಿರುವ ನಮ್ಮ ಬೀದಿಯಲ್ಲಿ ಇಷ್ಟು ಗಾಳಿ ಬೀಸುವುದು ಅಪರೂಪ. ಆದರೆ ಹಾರಿಬರುವ ತಗಡು, ಫ್ಲೆಕ್ಸ್ ಚೌಕಟ್ಟು, ತೆಂಗಿನ ಗರಿ, ನೀರಿನ ಟ್ಯಾಂಕಿನ ಮುಚ್ಚಳ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಆ ಲೆಕ್ಕವನ್ನೂ ಹಾಕಿದವರು ಅಮೆರಿಕದ ಫ್ಲೋರಿಡಾದವರು. 1992ರ ಆಗಸ್ಟ್ 24ರಂದು ಆಂಡ್ರ್ಯೂ ಎಂಬ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿತು. ಕಿಟಕಿ ಒಡೆದು, ಗಾಳಿ ಒಳನುಗ್ಗಿ, ಚಾವಣಿ ಹಾರಿಹೋದ ಮನೆಗಳು ಲೆಕ್ಕವಿಲ್ಲದಷ್ಟು. ಆಮೇಲೆ ಅಲ್ಲಿ ನಿಯಮ ಬದಲಾಯಿತು. ಸುಮಾರು ನಾಲ್ಕು ಕಿಲೋ ತೂಕದ ಮರದ ತುಂಡನ್ನು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಫಿರಂಗಿಯಂಥ ಯಂತ್ರದಿಂದ ಕಿಟಕಿಗೆ ಹೊಡೆಯುತ್ತಾರೆ. ಗಾಜು ಒಡೆಯಬಹುದು, ತೂತಾಗುವಂತಿಲ್ಲ. ಅಷ್ಟಕ್ಕೇ ಬಿಡುವುದಿಲ್ಲ. ಒಡೆದ ಅದೇ ಕಿಟಕಿಯನ್ನು 9,000 ಸಲ ಗಾಳಿಯಿಂದ ಒತ್ತಿ, ಎಳೆದು ನೋಡುತ್ತಾರೆ. ಪರೀಕ್ಷೆ ಬರಿ ಗಾಜಿಗಲ್ಲ. ಫ್ರೇಮ್, ರಬ್ಬರ್, ಸ್ಕ್ರೂ ಎಲ್ಲ ಸೇರಿದ ಇಡೀ ಕಿಟಕಿಗೆ. ಕ್ಯಾಟಲಾಗಿನಲ್ಲಿ 'ಹರಿಕೇನ್ ಪ್ರೂಫ್' ಎಂದು ಕಂಡರೆ ಕೇಳಬೇಕಾದ್ದು ಈ ಪರೀಕ್ಷೆಯ ವರದಿಯನ್ನು. ನಮ್ಮ ಕ್ಯಾಟಲಾಗ್ ಕಂಪನಿಗೆ ಮೇಲ್ ಹಾಕಿದ್ದೆ, ತೆಂಗಿನ ಮರದ ಅದೇ ಚಿತ್ರ ಇನ್ನೊಂದು ಸಲ ಬಂತು.

ಕೊನೆಗೆ ನಾವು ತರಿಸಿದ್ದು 4+0.76+4ರ ಲ್ಯಾಮಿನೇಟೆಡ್ ಗಾಜು. ನಡುವಿನ 0.76 ಆ ಪಿವಿಬಿ ಪದರದ ದಪ್ಪ, ಮಿಲಿಮೀಟರಿನಲ್ಲಿ. ಸಾದಾ ಗಾಜಿನ ಮೂರು ಪಟ್ಟಿಗಿಂತ ಹೆಚ್ಚು ರೇಟ್ ಬಿತ್ತು. ಇದರಲ್ಲೂ ಮೋಸ ಇದೆ, ಒಂಟಿ ಗಾಜಿಗೆ ಮೇಲಿನಿಂದ ಫಿಲ್ಮ್ ಅಂಟಿಸಿ 'ಲ್ಯಾಮಿನೇಷನ್' ಎನ್ನುತ್ತಾರೆ. ಫ್ರೇಮಿಗೆ ಕೂರಿಸುವ ಮೊದಲೇ ಅಂಚನ್ನು ನೋಡಬೇಕು. ಎರಡು ಗಾಜು, ನಡುವೆ ತೆಳು ಗೆರೆ ಕಾಣಬೇಕು. ಫಿಲ್ಮ್ ಆದರೆ ಒಂದು ಬದಿಯ ಮೂಲೆಯಲ್ಲಿ ಉಗುರಿಗೆ ಸಿಗುತ್ತದೆ. ಕೂಲಿಂಗ್ ಗ್ಲಾಸ್ ಉಪಾಯ ಇಲ್ಲಿ ನಡೆಯುವುದಿಲ್ಲ, ಅದು ಟಫನ್ಡ್ ಪತ್ತೆಗೆ ಮಾತ್ರ. ಈ ಸಲ ಐಎಸ್ 2553, ಸಿಎಂ/ಎಲ್ ನಂಬರ್ ಗಾಜಿನ ಮೂಲೆಯಲ್ಲೇ ಅಚ್ಚಾಗಿತ್ತು, ಆ್ಯಪ್‌ನಲ್ಲಿ ಕಂಪನಿಯ ಹೆಸರೂ ಬಂತು. ದಪ್ಪ ಮತ್ತು ಬಗೆಯನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಂಡೆವು.

ಫ್ರೇಮಿನ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಅಂಕಲ್. ಹಗುರ ಸೆಕ್ಷನ್ನಿನ ಸ್ಲೈಡಿಂಗ್ ಬೇಡ, ಗಾಳಿಗೆ ಶಟರ್ ಟ್ರ್ಯಾಕಿನಿಂದಲೇ ಎದ್ದುಬರುತ್ತೆ ಅಂದರು. ಹೊರಕ್ಕೆ ತೆರೆದುಕೊಂಡು, ಮುಚ್ಚಿದಾಗ ರಬ್ಬರಿಗೆ ಬಿಗಿಯಾಗಿ ಕೂರುವ ಶಟರ್ ಮಾಡಿದರು. ಹಳೇ ಫ್ರೇಮ್ ಕಿತ್ತಾಗ ನೋಡಿದರೆ ಸ್ಕ್ರೂಗಳು ಬರಿ ಪ್ಲಾಸ್ಟರಿನಲ್ಲಿ ಕೂತಿದ್ದವು, ಬ್ಲಾಕ್ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಎಂಥ ಗಾಜು ಹಾಕಿದ್ದರೂ ಫ್ರೇಮ್ ಸಮೇತ ಅಜ್ಜಿಯ ಮೇಲೆ ಬೀಳುತ್ತಿತ್ತು. ಈಗ ಉದ್ದನೆಯ ಆ್ಯಂಕರ್ ಫಾಸ್ಟನರ್‌ಗಳು ಗೋಡೆಯೊಳಕ್ಕೆ ಹೋಗಿವೆ. ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಅವರು ತೆಗೆದುಕೊಳ್ಳಲಿಲ್ಲ. ಅಪ್ಪ ಬಲವಂತ ಮಾಡಿದ್ದಕ್ಕೆ, "ಹೋಗಯ್ಯ, ನಿನ್ ಮಗಳು ನನ್ನ ಅಂಗಡಿ ಮರ್ಯಾದೆ ಉಳಿಸಿದ್ಳು" ಅಂದು, ತಮ್ಮ ಫೋನ್ ನನ್ನ ಕೈಗೆ ಕೊಟ್ಟರು. "ಆ ಆ್ಯಪ್ ಹಾಕ್ಕೊಡು ಪುಟ್ಟಿ."

ಇದು ಹರಿಕೇನ್ ಕಿಟಕಿಯೇ ಎಂದು ಕೇಳಿದರೆ ಅಲ್ಲ. ಯಾರೂ ಇದಕ್ಕೆ ಮರದ ತುಂಡು ಹೊಡೆದು ನೋಡಿಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಕಂಡ ಉಳ್ಳಾಲದ ಕಡಲ ದಂಡೆಯಲ್ಲಿ ನಮ್ಮ ಮನೆ ಇದ್ದಿದ್ದರೆ ಇನ್ನೂ ದಪ್ಪ ಪದರ, ಇನ್ನೂ ಗಟ್ಟಿ ಫ್ರೇಮ್ ಕೇಳುತ್ತಿದ್ದೆ. ಕಾಮಾಕ್ಷಿಪಾಳ್ಯದ ತಗಡಿಗೆ ಇದು ಸಾಕು ಎಂಬುದು ನನ್ನ ಅಂದಾಜು.

ಕೆಳಗಿನ ಎರಡು ಕಿಟಕಿಗಳಲ್ಲಿ ಇನ್ನೂ ಸಾದಾ ಗಾಜೇ ಇದೆ, ಗ್ರಿಲ್ ಇರುವುದರಿಂದ ಸದ್ಯಕ್ಕೆ ಬಿಟ್ಟಿದ್ದೇವೆ. ಚಾವಣಿಯ ಜೆ-ಬೋಲ್ಟುಗಳಲ್ಲಿ ನಾಲ್ಕು ತುಕ್ಕು ಹಿಡಿದಿವೆ, ಬರುವ ಭಾನುವಾರ ಅಪ್ಪ ಬದಲಾಯಿಸುತ್ತಾರೆ. ಕಳೆದ ವಾರ ರಾತ್ರಿ ಗುಡುಗು ಶುರುವಾದಾಗ ಅಜ್ಜಿ ಎದ್ದು ಕೂತರು. ದಿಂಬು ಎತ್ತಿಕೊಂಡರು. ಕಿಟಕಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡಿ, ದಿಂಬನ್ನು ಮತ್ತೆ ಮಂಚದ ಮೇಲಿಟ್ಟರು.