ಎಳೆಯೋದು ಸುಲಭ, ನಿಲ್ಲಿಸೋದು?

ಪಿಕಪ್ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುವ ವಿಡಿಯೋಗಳನ್ನು ನಾವೆಲ್ಲ ನೋಡಿರ್ತೀವಿ. ಆಸ್ಟ್ರೇಲಿಯಾದಲ್ಲಿ ಟೊಯೋಟಾ ಹೈಲಕ್ಸ್‌ನ 4×4 ಡಬಲ್ ಕ್ಯಾಬ್ ಎಳೆಯಬಹುದಾದ ಮಿತಿ 3500 ಕೆಜಿ. ಆದರೆ ಅದೇ ಗಾಡಿಗೆ ಇನ್ನೊಂದು ಮಿತಿಯೂ ಇದೆ: 750 ಕೆಜಿ. ಮೊದಲನೆಯದು ಟ್ರೈಲರ್‌ಗೆ ಸ್ವಂತ ಬ್ರೇಕ್ ಇದ್ದರೆ, ಎರಡನೆಯದು ಇಲ್ಲದಿದ್ದರೆ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಚಾಸಿ ಅದೇ. ಅಂದ್ರೆ ಇಲ್ಲಿ ಮಿತಿ ಹಾಕ್ತಿರೋದು ಹಾರ್ಸ್‌ಪವರ್ ಅಲ್ಲ, ಬ್ರೇಕು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕ್ಯಾರವಾನ್ ಎಲ್ಲಿ ಬರಬೇಕು ಬಿಡಿ. ಇಲ್ಲಿ ಟ್ರೈಲರ್ ಅಂದ್ರೆ ಟ್ರಾಕ್ಟರ್ ಹಿಂದಿನದೇ. ಚಿಂತಾಮಣಿಗೆ ಟೊಮೇಟೊ, ಗೌರಿಬಿದನೂರಿನ ಹೊಲಗಳಿಂದ ಜೋಳ, ಕ್ರಷರ್‌ನಿಂದ ಜಲ್ಲಿ, ಎಲ್ಲವೂ ಅದರಲ್ಲೇ. ಎಷ್ಟೋ ಟ್ರೈಲರ್‌ಗಳಿಗೆ ಸ್ವಂತ ಬ್ರೇಕೇ ಇರೋದಿಲ್ಲ. "45 ಎಚ್‌ಪಿ ಐತೆ, ಎಳೀತೈತೆ ಬಿಡು" ಅನ್ನೋ ಮಾತನ್ನು ನಾವು ಲೆಕ್ಕ ಹಾಕಿ ನೋಡಿದೆವು. ಮೊದಲ ವರ್ಷದ ಮೆಕ್ಯಾನಿಕ್ಸ್ ಸಾಕು.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಎರಡು ಚಕ್ರದ ಟ್ರೈಲರ್ ತಗೊಳ್ಳಿ. 120 ಘನ ಅಡಿ, ಅಂದ್ರೆ ಸುಮಾರು 3.4 ಘನ ಮೀಟರ್. ಜಲ್ಲಿ ಘನ ಮೀಟರಿಗೆ ಹೆಚ್ಚೂಕಮ್ಮಿ 1.5 ಟನ್, ಹಾಗಾಗಿ ಅಂಚಿನವರೆಗೆ ತುಂಬಿದರೆ 5 ಟನ್. ಖಾಲಿ ಟ್ರೈಲರ್ 1 ಟನ್ ಅಂತಿಟ್ಟುಕೊಂಡರೆ ಒಟ್ಟು 6. ಟ್ರಾಕ್ಟರ್ 2 ಟನ್. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಿಣ್ಣೆಯಲ್ಲಿ ಈ 8 ಟನ್ನನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತಿಸಲು ಸುಮಾರು 20 ಕಿಲೋವ್ಯಾಟ್ ಬೇಕು. 45 ಎಚ್‌ಪಿ ಅಂದ್ರೆ 33 ಕಿಲೋವ್ಯಾಟ್ ದಾಟುತ್ತೆ. ಎಳೀತೈತೆ ಅಂದವರ ಮಾತು ಸುಳ್ಳಲ್ಲ.

ತೊಂದರೆ ಇರೋದು ಟ್ರಾಕ್ಟರಿನ ಮೂತಿಯಲ್ಲಿ. ನಿಂತ ಟ್ರಾಕ್ಟರಿನ ಮುಂದಿನ ಚಕ್ರಗಳ ಮೇಲೆ 800 ಕೆಜಿ ಇದೆ ಅನ್ನೋಣ. ಟ್ರೈಲರಿನ ಮೂಕಿ ಕೊಕ್ಕೆಯ ಮೇಲೆ 1 ಟನ್ ಒತ್ತುತ್ತೆ. ಕೊಕ್ಕೆ ಹಿಂದಿನ ಆಕ್ಸಲ್‌ಗಿಂತ 70 ಸೆಂ.ಮೀ. ಹಿಂದಿದೆ, ಮುಂದಿನ-ಹಿಂದಿನ ಚಕ್ರಗಳ ಮಧ್ಯೆ 2 ಮೀಟರ್. ಏತದ ಲೆಕ್ಕವೇ: ಮುಂದೆ 350 ಕೆಜಿ ಕಮ್ಮಿಯಾಗಿ 450 ಉಳೀತು. ಏರಿನಲ್ಲಿ, ನೆಲದಿಂದ ಅರ್ಧ ಮೀಟರ್ ಎತ್ತರದ ಕೊಕ್ಕೆಯನ್ನು ಟ್ರೈಲರ್ ಹಿಂದಕ್ಕೆ ಜಗ್ಗುವುದರಿಂದ ಇನ್ನೂ ಸುಮಾರು 200, ಟ್ರಾಕ್ಟರಿನ ಸ್ವಂತ ಭಾರ ಹಿಂದಕ್ಕೆ ವಾಲಿ 80. ಕೊನೆಗೆ ಮುಂದೆ ಉಳಿಯೋದು 170 ಕೆಜಿ ಚಿಲ್ಲರೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳಲ್ಲ. ಅಲ್ಲೇ ಕ್ಲಚ್ ಫಕ್ಕನೆ ಬಿಟ್ಟರೆ ಮುಂದಿನ ಚಕ್ರ ಎದ್ದೇಬಿಡುತ್ತೆ.

ಎತ್ತಿನ ಗಾಡಿ ಹೊಡೆದ ತಾತಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹೋಗುತ್ತೆ, ಹಿಂಭಾರ ಆದರೆ ಮೂಕಿ ಎದ್ದು ನೊಗ ಕುತ್ತಿಗೆಯನ್ನು ಮೇಲಕ್ಕೆ ಜಗ್ಗುತ್ತೆ. ಕ್ಯಾರವಾನ್‌ನವರು ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲಿರಲಿ ಅನ್ನೋದೂ ಇದನ್ನೇ. ಅದಕ್ಕಿಂತ ಕಮ್ಮಿಯಾದರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಪಿಕಪ್‌ನಲ್ಲಿ ಇನ್ನೊಂದು ಮರೆಯುವ ಸಂಗತಿ: ಕೊಕ್ಕೆಯ ಮೇಲಿನ ಭಾರ ಗಾಡಿಯ ಸ್ವಂತ ಲೋಡಿನ ಲೆಕ್ಕಕ್ಕೇ ಸೇರುತ್ತೆ. 3 ಟನ್ ಕ್ಯಾರವಾನ್ ಕಟ್ಟಿದರೆ ಮುನ್ನೂರು ಕೆಜಿ ಅಲ್ಲೇ ಹೋಯ್ತು, ಐದು ಜನ, ಅವರ ಲಗೇಜು ಆಮೇಲೆ.

ಈಗ ಇಳಿಜಾರು. ಇಲ್ಲಿನ ಸಾಮಾನ್ಯ ಟ್ರಾಕ್ಟರುಗಳಿಗೆ ಬ್ರೇಕ್ ಇರೋದು ಹಿಂದಿನ ಎರಡೇ ಚಕ್ರಕ್ಕೆ. ಟೈರು ರಸ್ತೆಗಳ ಮಧ್ಯೆ ಘರ್ಷಣೆ ಗುಣಾಂಕ 0.5 ಅಂತ ಹಿಡಿದು, ಗಂಟೆಗೆ 25 ಕಿ.ಮೀ. ವೇಗದಿಂದ ನಿಲ್ಲಿಸಿ ನೋಡಿದೆವು, ಕಾಗದದ ಮೇಲೆ. ಬರೀ ಟ್ರಾಕ್ಟರ್ ಸಮತಟ್ಟು ರಸ್ತೆಯಲ್ಲಿ ಸುಮಾರು 9 ಮೀಟರಿಗೆ ನಿಲ್ಲುತ್ತೆ. 6 ಟನ್ ಟ್ರೈಲರ್ ಸೇರಿದರೆ 15. ಅದೇ ಹತ್ತಕ್ಕೊಂದರ ಇಳಿಜಾರಿನಲ್ಲಿ ಹತ್ತಿರ ಹತ್ತಿರ 40 ಮೀಟರ್! ಡ್ರೈವರ್ ಕಾಲು ಬ್ರೇಕಿಗೆ ಹೋಗೋಕೆ ಹಿಡಿಯುವ ಒಂದು ಸೆಕೆಂಡಿನಲ್ಲಿ ದಾಟುವ 7 ಮೀಟರ್ ಇದರಲ್ಲಿಲ್ಲ. ಮೇಲಾಗಿ ಹಿಂದಿನಿಂದ ಟ್ರೈಲರ್ ತಳ್ಳುತ್ತಿರುತ್ತೆ. ಟ್ರಾಕ್ಟರ್ ಸ್ವಲ್ಪ ಓರೆಯಾಗಿದ್ದರೂ ಸಾಕು, ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳುತ್ವೆ.

ಹೊಲದಲ್ಲಿ ಗಿರಕ್ಕನೆ ತಿರುಗಿಸೋಕೆ ಅಂತ ಎಡ ಬಲ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತೆ. ರಸ್ತೆಗೆ ಬಂದ ಮೇಲೆ ಎರಡನ್ನೂ ಸೇರಿಸಿ ಲಾಕ್ ಹಾಕಲೇಬೇಕು. ಇಲ್ಲದಿದ್ದರೆ ಒಂದೇ ಕಡೆ ಬ್ರೇಕ್ ಹಿಡಿದು ಗಾಡಿ ತಿರುಗಿಬಿಡುತ್ತೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸೋದಂತೂ ಇದ್ದ ಎಂಜಿನ್ ಬ್ರೇಕನ್ನೂ ಕೈಯಾರೆ ಬಿಟ್ಟ ಹಾಗೆ. ಹತ್ತಿದ ಗೇರಿನಲ್ಲೇ ಇಳಿಯಬೇಕು.

ಟ್ರೈಲರ್ ಎಷ್ಟು ಹೊರಬಹುದು ಅನ್ನೋದು ಅದರ ಆರ್‌ಸಿಯಲ್ಲೇ ಇರುತ್ತೆ. ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಆದರೆ ಲೋಡ್ ಮಾಡುವ ಜಾಗದಲ್ಲಿ ತಕ್ಕಡಿ ಇರಲ್ಲ, ಕಣ್ಣಳತೆಯೇ ಗತಿ. ಕಣ್ಣಿಗೆ ಟ್ರೈಲರ್ ಅರ್ಧ ಖಾಲಿ ಕಂಡರೆ ನಷ್ಟ ಅನ್ನಿಸೋದು ಸಹಜ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಾದರೆ ಅಂಚು ಮೀರಿ ಪೇರಿಸಿದರೂ ತೂಕದ ಚಿಂತೆಯಿಲ್ಲ. ಜಲ್ಲಿಗೆ ಅದೇ ಅಂಚು ಎಂದರೆ 5 ಟನ್. ಹಾಗಾಗಿ ನಮ್ಮ ಸಲಹೆ, ಟ್ರೈಲರ್ ಒಳಗೆ ಒಂದು ಅಡಿ ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಎಳೀರಿ. ಜಲ್ಲಿ, ಎಂ-ಸ್ಯಾಂಡ್, ಸೈಜುಗಲ್ಲು ಆ ಗೆರೆ ದಾಟಬಾರದು. ಆಗ ಇಳಿಜಾರಿನ 40 ಮೀಟರ್ 30ರೊಳಗೆ ಬರುತ್ತೆ. ಇನ್ನೂ ಕಮ್ಮಿ ಬೇಕಂದ್ರೆ ಟ್ರೈಲರ್‌ಗೇ ಬ್ರೇಕ್ ಹಾಕಿಸಬೇಕು.